ಬಾಲಗಾಲಿ

ಚಕ್ರದ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.
ದುರ್ಗದ ಹೆದ್ದಾರಿ ಪಕ್ಕ ಅಪ್ಪನ ಟೈರ್ ರೀಟ್ರೆಡ್ ಅಂಗಡಿ,
ಸುಟ್ಟ ರಬ್ಬರಿನ ವಾಸನೆಯಲ್ಲೇ ಕಾಗುಣಿತ ಕಲಿತವಳು,
ಹದಿನಾಲ್ಕನೇ ವಯಸ್ಸಿಗೆ ಟ್ರಾಕ್ಟರಿನ ಟ್ರೇಲರನ್ನು
ಗೋಡೆಗೆ ಗೇಣು ಬಿಟ್ಟು
ಹಿಂದಕ್ಕೆ ತಂದು ನಿಲ್ಲಿಸಿದವಳು.

ದಸ್ತಗೀರ್ ಸಾಹೇಬರು ಮೊದಲ ದಿನ ಕೇಳಿದ್ದೂ ಅದನ್ನೇ:
"ಟ್ರೇಲರ್ ಹಿಂದಕ್ಕೆ ತಗೊಂಡೀಯೇನಮ್ಮ?
ಅದು ಸೊಟ್ಟ ಆದಾಗ ಏನ್ ಮಾಡ್ತಿ?"
ಸೊಟ್ಟ ಆಗೋಕೆ ಬಿಡಲ್ಲ, ಅಂದೆ.
"ಸರಿ. ಇದೂ ಅಷ್ಟೇ.
ಎರಡು ಗಾಲಿ ಮುಂದೆ, ಭಾರವೆಲ್ಲ ಅದರ ಹಿಂದೆ,
ಕೊನೆಗೊಂದು ಅಂಗೈಯಗಲದ ಬಾಲಗಾಲಿ.
ಮುಂದಕ್ಕೆ ಹೋಗ್ತಿದೀನಿ ಅಂತ ನಿನಗೆ ಅನ್ನಿಸ್ತದೆ.
ಬಾಲಕ್ಕೆ ಹಂಗೆ ಅನ್ನಿಸಲ್ಲ.
ನಿನ್ನ ದಾಟಿ ಮುಂದೆ ಬರೋಕೆ
ಅದು ಸದಾ ಹೊಂಚು ಹಾಕ್ತಿರ್ತದೆ."

ಐಮಂಗಲದ ಆಚೆ, ಗುಡ್ಡದ ಸಾಲಿನ ಕೆಳಗೆ
ರೋಲರ್ ಹೊಡೆದ ಮಣ್ಣಿನ ಪಟ್ಟಿ.
ಗಾಳಿಯ ದಿಕ್ಕಿಗೆ ಪಾಲಯ್ಯನ ಹಳೇ ಲುಂಗಿಯ ಚೀಲ.
ಅದಿಲ್ಲದಿದ್ದರೂ ನಡೆಯುತ್ತಿತ್ತು:
ಗುಡ್ಡದ ಮೇಲೆ ಗಾಳಿಯಂತ್ರಗಳ ಹಿಂಡು
ಯಾವ ಕಡೆ ಮುಖ ಮಾಡಿವೆಯೋ, ಗಾಳಿ ಅಲ್ಲಿಂದ.
"ಆ ಆಸೆ ಇದಕ್ಕೂ ಐತಿ" ಎಂದು ಸಾಹೇಬರು
ಬಟ್ಟೆ ಹೊದ್ದ ರೆಕ್ಕೆ ತಟ್ಟುತ್ತಿದ್ದರು,
"ಗಾಳಿಗೆ ಮುಖ ಕೊಟ್ಟು ನಿಲ್ಲೋ ಆಸೆ.
ಬಿಡಬೇಡ."

ನೆಲದ ಮೇಲೆ ಅದು ಬೀಗಿತ್ತಿಯ ಹಾಗೆ
ಮೂಗೆತ್ತಿ ಕೂರುತ್ತದೆ; ಎದುರಿನದು ಕಾಣಿಸುವುದಿಲ್ಲ.
ಎಡಕ್ಕೊಂದು ಅಂಚು, ಬಲಕ್ಕೊಂದು ಅಂಚು,
ನಡುವೆ ಇರುವುದನ್ನು ನಂಬಬೇಕು.

ಆಷಾಢ. ಎಡದಿಂದ, ಪಡುವಣದಿಂದ ಗಾಳಿ.
ಎಡ ರೆಕ್ಕೆ ತುಸು ತಗ್ಗಿಸಿ, ಬಲಗಾಲು ಒತ್ತಿ,
ಓರೆಯಾಗಿಯೇ ನೇರ ಬಂದೆ.
ಮೊದಲು ಎಡಗಾಲಿ. ಆಮೇಲೆ ಬಲದ್ದು. ಆಮೇಲೆ ಬಾಲ.
ಮಲಗಿದ ಮಗುವಿನ ಮೇಲೆ ದುಪ್ಪಟಿ ಎಳೆದಷ್ಟು ಮೆತ್ತಗೆ.
ಮೂವತ್ತೊಂದು ಇಳಿತಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ.
ಇಳಿದೆ, ಅಂದುಕೊಂಡೆ.

ಅಷ್ಟರಲ್ಲಿ ಎಡಕ್ಕೆ ಒಂದು ಸಣ್ಣ ಎಳೆತ,
ಸೆರಗು ಹಿಡಿದು ಯಾರೋ ಕರೆದ ಹಾಗೆ.
ಬಲಗಾಲು ಒತ್ತಿದೆ, ತಡವಾಗಿತ್ತು.
ಇನ್ನೂ ಒತ್ತಿದೆ, ಇನ್ನೂ ತಡ.
ಶೇಂಗಾ ಹೊಲ ಅಡ್ಡಕ್ಕೆ ಓಡಿತು,
ಪಾಲಯ್ಯ ಓಡಿದ, ಲುಂಗಿಚೀಲ ಓಡಿತು,
ಬಲ ರೆಕ್ಕೆ ಬಾಗಿ ಮಣ್ಣು ಗೀಚಿತು,
ಬಾಗಿಲಿನ ಚಿಲಕ ನನ್ನ ಪಕ್ಕೆಗೆ ಗುದ್ದಿತು,
ಗುಡ್ಡ ಬಂತು, ಹೋಯಿತು,
ನಾನು ಬಂದ ದಾರಿ ನನ್ನೆದುರಿಗೆ ಬಂದು ನಿಂತಿತು.

ಧೂಳು.
ಸ್ವಿಚ್ಚು ಆರಿಸಿದ್ದು ನಾನೋ ಅವರೋ, ಈಗಲೂ ಗೊತ್ತಿಲ್ಲ.
ಹಿಂದಿನ ಸೀಟಿನಿಂದ ಇಷ್ಟೇ:
"ಪೆಟ್ಟಾಯ್ತಾ?"
ಇಲ್ಲ, ಅಂದೆ. ಆಗಿತ್ತು.

ಅವರು ಇಳಿದರು. ರೆಕ್ಕೆ ನೋಡಲಿಲ್ಲ.
ಟೈರಿನ ಗುರುತು ಹಿಡಿದು ಹಿಂದಕ್ಕೆ ನಡೆದರು,
ಕಳೆದ ಚಪ್ಪಲಿ ಹುಡುಕುವವರ ಹಾಗೆ ತಲೆ ತಗ್ಗಿಸಿ.
ನೆಟ್ಟಗೆ ಹೊರಟ ಎರಡು ಗೆರೆ
ಕೊನೆಯಲ್ಲಿ ತಿರುಚಿ ಕೊಂಬು ಇಟ್ಟುಕೊಂಡಿದ್ದವು;
ಒಂದನೇ ಕ್ಲಾಸಿನ ಸ್ಲೇಟಿನಲ್ಲಿ
ಎಷ್ಟೋ ಸಲ ನಾನು ತಪ್ಪು ಬರೆದು
ಉಗುಳಿನಿಂದ ಒರೆಸಿದ ಅಕ್ಷರ.
ಗೆರೆ ಇನ್ನೂ ಸೊಟ್ಟಗಾಗುವುದಕ್ಕೆ ಎಂಟು ಹೆಜ್ಜೆ ಮೊದಲೇ,
ಏನೂ ಆಗಿರದ ಜಾಗದಲ್ಲಿ ನಿಂತು
ಬೂಟಿನ ತುದಿಯಿಂದ ನೆಲ ತೋರಿಸಿದರು:

"ಇಲ್ಲಿ.
ಇಲ್ಲಿ ನೀನು ನಕ್ಕೆ."

ನಾನು ಮುಂದಿನ ಸೀಟಿನಲ್ಲಿದ್ದೆ.
ಅವರಿಗೆ ಕಾಣುವುದು ನನ್ನ ಬೆನ್ನು, ಒಂದು ಜಡೆ.

ಸಂಜೆ ಗೂಟ ಬಡಿದು ಮೂರೂ ಹಗ್ಗ ನಾನೇ ಬಿಗಿದೆ.
ಹರಿದ ಬಟ್ಟೆಗೆ ಪಾಲಯ್ಯ ಗೋಣಿಚೀಲ ಸುತ್ತಿದ.
ಅಪ್ಪನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ:
"ಟೈರ್ ಎಷ್ಟು ಸವೆದಿದೆ?"

ರಾತ್ರಿ, ನಿದ್ದೆಯ ಅಂಚಿನಲ್ಲಿ,
ಎಡದಿಂದ ಗಾಳಿ ಕಿಟಕಿ ಬಡಿದಾಗ
ಬಲಗಾಲು ತಾನೇ ಎದ್ದು
ಗೋಡೆ ಒತ್ತಿ ಹಿಡಿಯಿತು.